ಕೈ ಕಟ್ಟಿ ಕೂರುವ ಮುನ್ನ

ಪುಟ್ಟಿ, ಅಣ್ಣನ ಮದುವೆ ವೈಶಾಖಕ್ಕೆ ನಿಶ್ಚಯವಾಯಿತು, ಅಷ್ಟರೊಳಗೆ ತೋಳಿನ ಆಪರೇಷನ್ ಮುಗಿಸಿಕೊಂಡುಬಿಡುತ್ತೇನೆ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಬೇಡ ಅನ್ನುವುದಕ್ಕೆ ನಾನು ಬಾಯಿ ಹಾಕುತ್ತಿಲ್ಲ. ‘ಇರೋ ಮೈಗೆ ಕತ್ತರಿ ಯಾಕೆ’ ಅನ್ನುವ ಅಜ್ಜಿಯ ಮಾತನ್ನು ಪಕ್ಕಕ್ಕಿಡು. 30 ಕೆಜಿ ಇಳಿದ ಮೈಯಲ್ಲಿ ರೆಟ್ಟೆಯಡಿ ಜೋತುಬಿದ್ದಿರುವುದು ಬಹುಪಾಲು ಹಿಗ್ಗಿ ಸೋತ ಚರ್ಮ. ಡಂಬಲ್ ಎತ್ತಿದರೆ ಒಳಗಿನ ಸ್ನಾಯು ಗಟ್ಟಿಯಾದೀತು, ಚರ್ಮ ಮೇಲೇರುವುದಿಲ್ಲ. ಬೆವರಿದಾಗ ಕಂಕುಳ ಪಕ್ಕ ಉಜ್ಜಿ ಕೆಂಪಗಾಗುತ್ತದೆ ಅಂತ ನೀನೇ ತೋರಿಸಿದ್ದೆಯಲ್ಲ. ಬಯಸುವುದರಲ್ಲಿ ತಪ್ಪೇನಿಲ್ಲ. ನನ್ನ ತಕರಾರೆಲ್ಲ ತಾರೀಖಿನ ಮೇಲೆ. ಸರ್ಜಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿ ತಲೆ ನರೆಸಿಕೊಂಡವಳು ನಿನ್ನ ದೊಡ್ಡಮ್ಮ, ಅಷ್ಟು ಸಲಿಗೆಯಿಂದ ಹೇಳುತ್ತೇನೆ, ಕೇಳು.

ನಿನ್ನ ಹೊಟ್ಟೆಯ ಬೇರಿಯಾಟ್ರಿಕ್ ಆಪರೇಷನ್ ಆದದ್ದು ಹೋದ ಆಷಾಢದಲ್ಲಿ. ಈಗಿನ್ನೂ ಸಂಕ್ರಾಂತಿ ಮುಗಿದಿದೆ. ಆ ಆಪರೇಷನ್ ಆದವರ ತೂಕ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದವರೆಗೂ ಇಳಿಯುತ್ತಲೇ ಇರುತ್ತದೆ. ಅದಕ್ಕೇ ಪ್ಲಾಸ್ಟಿಕ್ ಸರ್ಜನ್‌ಗಳು 12ರಿಂದ 18 ತಿಂಗಳು ಕಾಯಿಸುತ್ತಾರೆ. ತಕ್ಕಡಿಯ ಮುಳ್ಳು ಕೆಲವು ತಿಂಗಳು, ಸಾಧ್ಯವಾದರೆ ಆರು ತಿಂಗಳೇ, ಒಂದೇ ಕಡೆ ನಿಂತಿರಬೇಕು ಅನ್ನುತ್ತಾರೆ. ಇನ್ನೂ ಇಳಿಯುತ್ತಿರುವ ಮೈಗೆ ಈಗಲೇ ಕತ್ತರಿಸಿ ಬಿಗಿ ಮಾಡಿದರೆ, ಅಳತೆ ಕೊಟ್ಟ ಮೇಲೆ ಸೊರಗಿದವಳ ರವಿಕೆಯ ಹಾಗೆ ಮತ್ತೆ ಸಡಿಲ. ರವಿಕೆಯಾದರೆ ಹೊಲಿಗೆ ಬಿಚ್ಚಿ ಹಿಡಿಸಬಹುದು.

ಸರಿ, ತೂಕದ ಮಾತು ಬಿಟ್ಟು ಬರೀ ಮದುವೆಯ ಲೆಕ್ಕವನ್ನೇ ಹಿಡಿ. ತೋಳಿಲ್ಲದ ರವಿಕೆಯ ಆಸೆ ನಿನ್ನದು. ಈ ಆಪರೇಷನ್ನಿನ ಗಾಯದ ಗೆರೆ ಕಂಕುಳಿನಿಂದ ಮೊಣಕೈವರೆಗೆ ತೋಳಿನ ಒಳಮಗ್ಗುಲಲ್ಲೋ ಹಿಂಬದಿಯಲ್ಲೋ ಉದ್ದಕ್ಕೆ ಇಳಿಯುತ್ತದೆ. ಚರ್ಮ ಸ್ವಲ್ಪವೇ ಸಡಿಲಾದವರಿಗೆ ಕಂಕುಳೊಳಗೇ ಮುಗಿಸುವುದುಂಟು, ನಿನ್ನಷ್ಟು ಇಳಿದವರಿಗೆ ಅದು ಸಾಲುವುದಿಲ್ಲ. ಮೊದಲ ಕೆಲವು ತಿಂಗಳು ಆ ಗೆರೆ ಕೆಂಪಗೆ, ಉಬ್ಬಿ ಕಾಣುತ್ತದೆ. ಮಾಗಿ ತೆಳುವಾಗುವುದಕ್ಕೆ ಒಂದು ವರ್ಷ, ಒಂದೂವರೆ ವರ್ಷ. ಅಂದರೆ ವೈಶಾಖದಲ್ಲಿ ಅಕ್ಷತೆ ಹಾಕಲು ನೀನು ಕೈ ಎತ್ತಿದರೆ ಜನ ಮೊದಲು ನೋಡುವುದು ಅದನ್ನೇ. ಅದೂ ಅಲ್ಲದೆ ಅಣ್ಣನ ಮದುವೆಗೆ ಕಳಸಗಿತ್ತಿ ನೀನೇ ತಾನೆ? ಕಳಸ ಹಿಡಿದು ಗಂಟೆಗಟ್ಟಲೆ ನಿಲ್ಲುವ ತೋಳು ಅದು. ಮದುವೆಗೆ ಮೊಣಕೈವರೆಗಿನ ತೋಳಿನ ರೇಷ್ಮೆ ರವಿಕೆ ಹೊಲಿಸು. ಈಗ ಫ್ಯಾಷನ್ನೂ ಅದೇ ಅಂತೆ.

ಮತ್ತೆ ಯಾವಾಗ? ಬೇಸಿಗೆ ಬೇಡ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಪ್ರೆಷರ್ ತೋಳುಗಳನ್ನು ಹಗಲೂ ರಾತ್ರಿ ಹಾಕಿಕೊಂಡಿರಬೇಕು. ಬಿಗಿಯಾದ ಎಲಾಸ್ಟಿಕ್ ಬಟ್ಟೆ. ಏಪ್ರಿಲ್ ಸೆಕೆಯಲ್ಲಿ ಅದನ್ನು ತೊಟ್ಟು ಕೂರುವುದು ಶಿಕ್ಷೆ, ಬೆವರು ನಿಂತ ಕಂಕುಳಲ್ಲಿ ಗಾಯ ಒಣಗುವುದೂ ನಿಧಾನ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ರಜೆ ಸುಲಭ, ನಿಜ. ಆದರೆ ತೊಳೆದ ಪ್ರೆಷರ್ ತೋಳು ಒಣಗಬೇಕಲ್ಲ, ಆ ಮಳೆಯಲ್ಲಿ? ಎರಡು ಜೊತೆ ಇಟ್ಟುಕೊಂಡರೂ ಹಸಿಹಸಿಯದನ್ನೇ ಏರಿಸಿಕೊಳ್ಳುವ ಪಾಡು. ದೀಪಾವಳಿ ಕಳೆಯಲಿ. ಅಷ್ಟರಲ್ಲಿ ನಿನಗೆ ಹದಿನಾರು ತಿಂಗಳು ತುಂಬುತ್ತದೆ, ಚಳಿ ಶುರುವಾಗುತ್ತದೆ, ಹಬ್ಬದ ಎಣ್ಣೆಸ್ನಾನವೂ ಆಗಿರುತ್ತದೆ. ಚೇತರಿಕೆ ಧನುರ್ಮಾಸಕ್ಕೆ ಬೀಳುತ್ತದೆ, ಯಾರ ಮನೆಯ ಶುಭಕಾರ್ಯಕ್ಕೂ ಓಡಬೇಕಿಲ್ಲ. ಧನುರ್ಮಾಸದಲ್ಲಿ ಬಳೆಯಿಲ್ಲದ ಬರಿಗೈ ಅಂತ ಅಮ್ಮ ಗೊಣಗಿದರೆ ನನಗೆ ಬಿಡು. ಮೊದಲ ದಿನಗಳಲ್ಲಿ ಅಂಗೈ, ಬೆರಳೆಲ್ಲ ಊದುತ್ತವೆ. ಬಳೆ ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಹೊರಡಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹರ್ನಿಯಾ ಆಪರೇಷನ್ ಆದವನಿಗೆ ಎರಡು ಕೈ ಇರುತ್ತವೆ. ಮೊಣಕಾಲು ಬದಲಿಸಿಕೊಂಡವಳಿಗೂ ಇರುತ್ತವೆ. ಈ ಆಪರೇಷನ್ನಿನಲ್ಲಿ ಒಂದೇ ದಿನ ಎರಡೂ ತೋಳು ಹೋಗಿ ಮಲಗಿಬಿಡುತ್ತವೆ. ಡಾಕ್ಟರು ‘ಎರಡು ವಾರದಲ್ಲಿ ಆಫೀಸಿಗೆ ಹೋಗಬಹುದು’ ಅಂದರೆ ನಿಜವೇ. ಕಂಪ್ಯೂಟರ್ ಮುಂದೆ ಕೂರುವವಳು ನೀನು, ಮೊಣಕೈ ಪಕ್ಕೆಗೆ ಒತ್ತಿಟ್ಟು ಟೈಪ್ ಮಾಡಬಹುದು. ಆದರೆ ಆಫೀಸಿಗೆ ಹೊರಡುವ ಮೊದಲು ನಿನ್ನ ಕೈ ಎಷ್ಟು ಸಲ ಭುಜದ ಮೇಲೆ ಹೋಗುತ್ತದೆ ಅಂತ ಒಂದು ದಿನ ಗಮನಿಸು. ಜಡೆ ಹೆಣೆಯುವುದು, ಟಾಪ್ ತಲೆಯ ಮೇಲಿಂದ ಹಾಕಿಕೊಳ್ಳುವುದು, ಅಟ್ಟಣಿಗೆಯ ಡಬ್ಬಿ ಇಳಿಸುವುದು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದು. ಇವೆಲ್ಲ ಮೂರು-ನಾಲ್ಕು ವಾರ ಇಲ್ಲ, ಕಂಕುಳ ಹೊಲಿಗೆ ಎಳೆದರೆ ಬಿಡುವುದು ಅಲ್ಲೇ. ಭಾರದ ಕೆಲಸವೂ ಇಲ್ಲ. ಕುಕ್ಕರ್ ಇಳಿಸುವುದು, ಗ್ರೈಂಡರಿನ ಕಲ್ಲು ಎತ್ತುವುದು, ಮುದ್ದೆ ತಿರುವುವುದು, ನೀರಿನ ಕ್ಯಾನ್ ಬಗ್ಗಿಸುವುದು ಎಲ್ಲ ಇನ್ನೊಬ್ಬರ ಪಾಲು.

ಮಗುವನ್ನು ಮರೆತೆಯಾ? ಮೂರು ವರ್ಷದ ಕೂಸು, ಎರಡೂ ಕೈ ಚಾಚಿ ‘ಎತ್ಕೋ’ ಅಂದರೆ ಆಪರೇಷನ್ ಅಂದರೇನು ಅಂತ ಅದಕ್ಕೇನು ಗೊತ್ತು. ಸೋಫಾದಲ್ಲಿ ನೀನು ಕೂತು, ಅದು ತಾನೇ ಹತ್ತಿ ಮಡಿಲಿಗೆ ಬರುವುದನ್ನು ಈಗಿನಿಂದಲೇ ಆಟ ಮಾಡಿ ಕಲಿಸು. ಸ್ನಾನ, ಊಟ, ನರ್ಸರಿಗೆ ಬಿಡುವುದು ಇವನ್ನು ಅಳಿಯಂದಿರು ಒಂದು ತಿಂಗಳು ಮೊದಲೇ ಕೈಗೆತ್ತಿಕೊಳ್ಳಲಿ. ಆಪರೇಷನ್ ದಿನವೇ ಶುರು ಮಾಡಿದರೆ ಮಗು ಅಮ್ಮನನ್ನೇ ಹುಡುಕುತ್ತದೆ. ಸ್ಕೂಟಿಗೆ ಮೂರು ವಾರವಾದರೂ ಬೀಗ. ನೋವಿನ ಮಾತ್ರೆ ನಿಂತು, ಗಕ್ಕನೆ ಹ್ಯಾಂಡಲ್ ತಿರುಗಿಸಿದರೂ ನೋಯದೆ ಇದ್ದು, ಡಾಕ್ಟರು ಸೈ ಅಂದ ಮೇಲೆ ಕೀಲಿ ತೆಗೆದುಕೋ. ಮುಂದೆ ಗುಂಡಿ ಇರುವ ನೈಟಿ ನಾಲ್ಕು, ಮುಂದೆ ಹುಕ್ಕಿನ ಒಳಉಡುಪು, ಸೊಂಟದ ಎತ್ತರದ ಶೆಲ್ಫಿಗೆ ಇಳಿಸಿದ ಸಾಮಾನು: ಇದಿಷ್ಟು ಮೊದಲೇ ಆಗಲಿ. ಬಚ್ಚಲಿನಲ್ಲಿ ಸಹಾಯಕ್ಕೆ ಯಾರು ಅನ್ನುವುದನ್ನು ನಾಚಿಕೆ ಬಿಟ್ಟು ಯೋಚಿಸು. ಮೊದಲ ವಾರ ನಿನ್ನನ್ನು ನೀನು ಪೂರ್ತಿ ಸ್ವಚ್ಛ ಮಾಡಿಕೊಳ್ಳುವುದೂ ಕಷ್ಟ.

ಆಪರೇಷನ್ನಿಗೆ ಮೊದಲಿನ ಎರಡು ತಿಂಗಳು ಸುಮ್ಮನೆ ಕಳೆಯುವ ಕಾಲವಲ್ಲ. ಹೊಟ್ಟೆಯ ಆಪರೇಷನ್ ಆದವರಲ್ಲಿ ಕಬ್ಬಿಣದ ಅಂಶ, ಬಿ12, ಪ್ರೋಟೀನ್ ಕಡಿಮೆಯಾಗಿರುವುದು ಸಾಮಾನ್ಯ. ರಕ್ತಪರೀಕ್ಷೆ ಮಾಡಿಸಿ ಸರಿಪಡಿಸಿಕೊಳ್ಳದೆ ಹೋದರೆ ಗಾಯ ಕೂಡುವುದು ತಡ. ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂತ ನಿನ್ನ ಡಯಟೀಷಿಯನ್ ಬರೆದುಕೊಟ್ಟಿದ್ದನ್ನು ಬಿಡಬೇಡ. ಮನೆಗೆ ಬಂದ ಮೇಲೆ ಬೇಳೆ ನಂಜು, ಮೊಟ್ಟೆ ನಂಜು, ಬದನೆಕಾಯಿ ನಂಜು ಅಂತ ಅಜ್ಜಿ ಬಾಣಂತಿ ಪಥ್ಯ ಶುರು ಮಾಡುತ್ತಾಳೆ. ನಕ್ಕು ತಲೆಯಾಡಿಸಿ ಮೊಟ್ಟೆ ತಿನ್ನು. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಮಾತ್ರ ಯಾರು ಹೇಳಿದರೂ ಹಚ್ಚಬೇಡ.

ಡಾಕ್ಟರಿಂದ ಏನನ್ನೂ ಮುಚ್ಚಿಡಬೇಡ. ಆಸ್ಪಿರಿನ್, ಬ್ರೂಫೆನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆ, ಗಿಡಮೂಲಿಕೆ ಪುಡಿ ಏನೇನು ನುಂಗುತ್ತೀಯೋ ಎಲ್ಲ ಹೇಳು. ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ಯಾವಾಗ ನಿಲ್ಲಿಸಬೇಕು ಅಂತ ಅವರೇ ತಿಳಿಸುತ್ತಾರೆ. ಹೊಟ್ಟೆ ಕಿರಿದು ಮಾಡಿಸಿಕೊಂಡವರಿಗೆ ಬ್ರೂಫೆನ್ ಜಾತಿಯ ನೋವಿನ ಮಾತ್ರೆ ಒಗ್ಗದು, ಅದನ್ನು ಅರಿವಳಿಕೆ ಡಾಕ್ಟರ ಕಿವಿಗೂ ಹಾಕು. ಆಫೀಸಿನ ಟೀ ಬ್ರೇಕಿನಲ್ಲಿ ಸಿಗರೇಟಿನ ಅಭ್ಯಾಸವೇನಾದರೂ ಇದ್ದರೆ ನನ್ನ ಹತ್ತಿರ ಹೇಳಬೇಕಿಲ್ಲ, ಅವರ ಹತ್ತಿರ ಹೇಳು. ನಿಕೋಟಿನ್ ರಕ್ತನಾಳ ಕುಗ್ಗಿಸಿ ಚರ್ಮದ ಅಂಚನ್ನೇ ಕೊಲ್ಲುತ್ತದೆ. ಹಿಂದೆ ಮುಂದೆ ನಾಲ್ಕಾರು ವಾರ ಪೂರ್ತಿ ಬಿಡಬೇಕು. ಎಡತೋಳಿನ ಬಿಸಿಜಿ ಲಸಿಕೆಯ ಕಲೆ, ಕಿವಿ ಚುಚ್ಚಿದ ಜಾಗ ಗಂಟುಗಂಟಾಗಿ ಬೆಳೆದಿದ್ದರೆ ಅದನ್ನೂ ತೋರಿಸು. ಕೆಲಾಯ್ಡ್ ಬರುವ ಮೈಯಾದರೆ ತೋಳುದ್ದದ ಗೆರೆಯೂ ಹಾಗೇ ಬೆಳೆಯಬಹುದು, ಆಗ ಆಪರೇಷನ್ ಬೇಕೇ ಅನ್ನುವುದೇ ಮರುಯೋಚನೆ.

ಜಾಗ ಆರಿಸುವಾಗ ಇನ್‌ಸ್ಟಾಗ್ರಾಮ್ ನೋಡಬೇಡ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಆಗಿರಲಿ, ಐಸಿಯು ಇರುವ ಆಸ್ಪತ್ರೆಯಾಗಿರಲಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಹುಡುಗಿಯೊಬ್ಬಳು ತೀರಿಕೊಂಡ ಸುದ್ದಿ ನೆನಪಿದೆಯಲ್ಲ. ದುಡ್ಡಿನ ವಿಷಯ: ಚೆಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ನಿಗೆ ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಪ್ರೆಷರ್ ತೋಳು, ಡ್ರೆಸ್ಸಿಂಗ್, ತೆರಿಗೆ ಎಲ್ಲ ಸೇರಿಸಿ ಲೆಕ್ಕ ಬರೆಸಿಕೋ.

ಆಪರೇಷನ್ ಎರಡು ಮೂರು ಗಂಟೆಯದು, ಒಂದು ರಾತ್ರಿ ಇಟ್ಟುಕೊಂಡರೆ ಒಳ್ಳೆಯದು. ಕೆಲವರಿಗೆ ನೀರು ಇಳಿಯಲು ಡ್ರೈನ್ ಕೊಳವೆ ಹಾಕುತ್ತಾರೆ, ಹಾಕಿದ್ದರೆ ದಿನವೂ ಎಷ್ಟು ಎಂಎಲ್ ಬಂತು ಅಂತ ಬರೆದಿಡಬೇಕು. ಮಲಗುವಾಗ ಎರಡೂ ಪಕ್ಕ ದಿಂಬಿಟ್ಟು ಕೈ ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಅಂದೇ ಸಂಜೆ ಎದ್ದು ನಡೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು. ಮುಂಗೈ ಒಳಮಗ್ಗುಲು ಜೋಮು ಹಿಡಿದಂತೆ ಇರಬಹುದು, ಬಹಳ ಮಂದಿಗೆ ತಿಂಗಳುಗಳಲ್ಲಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಆದರೆ ಒಂದೇ ತೋಳು ದಿಢೀರನೆ ಊದಿಕೊಂಡರೆ, ಜ್ವರ ಬಂದರೆ, ಗಾಯದಿಂದ ಕೀವು ಬಂದರೆ, ಮೀನಖಂಡ ನೋಯತೊಡಗಿದರೆ, ಉಸಿರು ಸಿಕ್ಕಿಹಾಕಿಕೊಂಡರೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕೂರಬೇಡ, ರಾತ್ರಿ ಎರಡಾದರೂ ಆಸ್ಪತ್ರೆಗೆ ಹೊರಡು. ಜಿಮ್ಮಿಗೆ ಆರು ವಾರದ ಮೇಲೆ, ಅವರು ಹೂಂ ಅಂದರೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಚ್ಚುವುದು, ಒಂದು ವರ್ಷ ಬಿಸಿಲಿಗೆ ತೋಳು ಒಡ್ಡದಿರುವುದು ಇವು ಉದಾಸೀನ ಮಾಡುವ ಕೆಲಸಗಳು, ಫಲ ಕೊಡುವುದೂ ಅವೇ.

ಆಪರೇಷನ್ ಆದ ಮೇಲಿನ ಮೊದಲ ಎರಡು ವಾರ ನಾನು ಬಂದು ನಿಮ್ಮ ಮನೆಯಲ್ಲಿರುತ್ತೇನೆ, ಆಮೇಲಿನ ಎರಡು ವಾರಕ್ಕೆ ಅಮ್ಮ. ಅಡಿಗೆಗೆ ಜನ ಗೊತ್ತು ಮಾಡುವುದು ನಿನ್ನ ಜವಾಬ್ದಾರಿ, ನನ್ನ ಕೈಯಲ್ಲೂ ಈಗ ಗ್ರೈಂಡರಿನ ಕಲ್ಲು ಏಳುವುದಿಲ್ಲ. ತೂಕವನ್ನು ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ನೋಡಿ ಬರೆದಿಡುತ್ತಾ ಹೋಗು. ಸರ್ಜನ್ ಮೊದಲು ಕೇಳುವುದು ಆ ಚೀಟಿಯನ್ನೇ.