ಕೈಯಿಂದ ಕೈಗೆ ಸಾಗಿದ ಪುಸ್ತಕ

ಓದಿ ಮುಗಿಸಿ ವರ್ಷಗಳಾದರೂ ನಿಮ್ಮ ಮನಸ್ಸನ್ನು ಬಿಟ್ಟುಹೋಗದ ಪುಸ್ತಕ ಯಾವುದು? ಅಂಥದ್ದೊಂದು ನೆನಪಿಗೆ ಬಂದರೆ ಇನ್ನೊಂದು ಪ್ರಶ್ನೆ: ಅದನ್ನು ಯಾರಿಗಾದರೂ ಓದಲು ಕೊಟ್ಟಿದ್ದೀರಾ? ಕೊಟ್ಟ ಪುಸ್ತಕ ಹಿಂದಿರುಗಿ ಬರುವುದಿಲ್ಲವೆಂದು ನಾವು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಆ ಭಯ ಸುಳ್ಳಲ್ಲ. ಆದರೂ ಈ ನಾಲ್ವರ ಕಥೆಯನ್ನು ಸ್ವಲ್ಪ ಕೇಳಿ.

ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿ 356ರಲ್ಲಿ ತೀರಿಕೊಂಡ ಸಂತ ಅಂತೋಣಿ ಮೊದಲನೆಯವರು. ಮಂಗಳವಾರ ನಾವು ನೊವೇನ ಸಲ್ಲಿಸುವ ಪಾದುವಾದ ಸಂತ ಅಂತೋಣಿಯವರಲ್ಲ, ಅವರಿಗಿಂತ ಬಹಳ ಹಿಂದಿನವರು. ಧರ್ಮಾಧ್ಯಕ್ಷ ಸಂತ ಅಥನಾಸಿಯಸ್ ಇವರ ಜೀವನಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದರು. ಅದು ಬೇಗನೆ ಲತೀನ್ ಭಾಷೆಗೂ ಬಂತು.

386ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಅಗಸ್ಟೀನ್ ಎಂಬ ಅಧ್ಯಾಪಕರಿದ್ದರು. ಸತ್ಯ ಯಾವುದೆಂದು ತಿಳಿದಿದ್ದರೂ ಹಳೆಯ ಬಾಳನ್ನು ಬಿಡಲಾಗದ ಸಂಕಟ ಅವರದು. ಒಂದು ದಿನ ಅವರ ಊರ ಕಡೆಯ ಪೊಂಟಿಸಿಯಾನುಸ್ ಎಂಬ ಅರಮನೆಯ ಅಧಿಕಾರಿ ಮನೆಗೆ ಬಂದರು. ಮೇಜಿನ ಮೇಲೆ ಸಂತ ಪೌಲರ ಪತ್ರಗಳನ್ನು ಕಂಡು ಸಂತೋಷಪಟ್ಟು, ಅಂತೋಣಿಯವರ ಕಥೆ ಹೇಳಿದರು. ಆ ಪುಸ್ತಕವನ್ನು ಓದಿ ಇಬ್ಬರು ಅಧಿಕಾರಿಗಳು ನೌಕರಿ ಬಿಟ್ಟು ದೇವರ ಸೇವೆಗೆ ನಿಂತದ್ದನ್ನೂ ತಿಳಿಸಿದರು. ಅಗಸ್ಟೀನರ ಎದೆಗೆ ಅದು ನಾಟಿತು. ಅಂದೇ ಮನೆಯ ತೋಟದಲ್ಲಿ ಅತ್ತು, ಪೌಲರ ಪತ್ರಗಳನ್ನು ತೆರೆದು ಓದಿ, ಮನಸ್ಸು ತಿರುಗಿಸಿದರು. 387ರ ಪಾಸ್ಖ ಹಬ್ಬದಲ್ಲಿ ಜ್ಞಾನಸ್ನಾನ ಪಡೆದರು. ಮುಂದೆ ತಮ್ಮ ಬಾಳಿನ ಕಥೆಯನ್ನು 'ಕನ್ಫೆಷನ್ಸ್' ಎಂಬ ಗ್ರಂಥವಾಗಿ ಬರೆದರು.

ಸಾವಿರಕ್ಕೂ ಹೆಚ್ಚು ವರ್ಷ ಕಳೆಯಿತು. 1554ರಲ್ಲಿ ಆ ಗ್ರಂಥದ ಸ್ಪ್ಯಾನಿಷ್ ಅನುವಾದ ಅಚ್ಚಾಯಿತು. ಅದು ಆವಿಲಾದ ತೆರೇಸಾರ ಕೈ ಸೇರಿತು. ಮಠ ಸೇರಿ ಸುಮಾರು ಇಪ್ಪತ್ತು ವರ್ಷವಾಗಿದ್ದರೂ ಅವರ ಪ್ರಾರ್ಥನೆ ಒಣಗಿಹೋಗಿತ್ತು. ತೋಟದ ಘಟನೆಯನ್ನು ಓದುವಾಗ ದೇವರು ತನ್ನನ್ನೇ ಕರೆದಂತೆ ಅವರಿಗೆ ಅನಿಸಿತು. ಕಣ್ಣೀರು ಹರಿಯಿತು. ಮುಂದೆ ಗುರುಗಳ ಆಜ್ಞೆಯಂತೆ ಅವರೂ ತಮ್ಮ ಆತ್ಮಕಥೆ ಬರೆದರು.

ಅದನ್ನು 1921ರ ಬೇಸಿಗೆಯಲ್ಲಿ, ಜರ್ಮನಿಯಲ್ಲಿ ಗೆಳತಿಯ ಮನೆಯಲ್ಲಿದ್ದಾಗ ಎಡಿತ್ ಸ್ಟೈನ್ ಓದಿದರು. ಯೆಹೂದ್ಯ ಮನೆತನದಲ್ಲಿ ಹುಟ್ಟಿದ ತತ್ವಶಾಸ್ತ್ರ ಪಂಡಿತೆ ಅವರು. 1922ರ ಜನವರಿ 1ರಂದು ಜ್ಞಾನಸ್ನಾನ ಪಡೆದರು. 1933ರಲ್ಲಿ ಕಾರ್ಮೆಲ್ ಮಠ ಸೇರಿದರು. 1942ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. 1998ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಇಲ್ಲಿ ನಮಗೆ ಮೂರು ಪಾಠಗಳಿವೆ.

ಮೊದಲನೆಯದು, ಪುಸ್ತಕ ದಾಟಿಸಿದವರಿಗೆ ಮುಂದಾಗುವುದು ತಿಳಿದಿರಲಿಲ್ಲ. ಪೊಂಟಿಸಿಯಾನುಸ್ ಬಂದದ್ದು ಬೇರಾವುದೋ ಕೆಲಸಕ್ಕೆ. ತೆರೇಸಾರಿಗಾಗಿ ಅನುವಾದಕ ಬರೆಯಲಿಲ್ಲ. ಫಲ ಕೊಡುವವನು ದೇವರು. ಕೈ ಚಾಚುವುದಷ್ಟೇ ನಮ್ಮ ಪಾಲು.

ಎರಡನೆಯದು, ಇವು ಹೊತ್ತು ಕಳೆಯುವ ಪುಸ್ತಕಗಳಲ್ಲ. ಮೊದಲು ನೋಯಿಸಿ, ಆಮೇಲೆ ಗುಣಪಡಿಸುತ್ತವೆ. ಕಷ್ಟವೆನಿಸಿದರೆ ದಿನಕ್ಕೆ ಎರಡೇ ಪುಟ ಓದಿ. ಅಗಸ್ಟೀನರ ಗ್ರಂಥದಲ್ಲಿ 13 ಭಾಗಗಳಿವೆ. ಮೊದಲ ಒಂಬತ್ತು ಅವರ ಬಾಳಿನ ಕಥೆ. ಅಲ್ಲಿಂದಲೇ ಆರಂಭಿಸಿ. ತೋಟದ ಘಟನೆ ಎಂಟನೆಯದರಲ್ಲಿದೆ.

ಮೂರನೆಯದು, ಬುದ್ಧಿ ಕಲಿಸಲೆಂದು ಕೊಟ್ಟ ಪುಸ್ತಕ ಧೂಳು ತಿನ್ನುತ್ತದೆ. ಮಗನನ್ನು ತಿದ್ದಲೆಂದು ಕೊಡಬೇಡಿ. "ಇದನ್ನು ಓದುವಾಗ ನನಗೆ ಅಳು ಬಂತು, ನೀನೂ ಓದಿ ನೋಡು" ಎಂದು ಕೊಡಿ. ತಂದೆತಾಯಿಯ ಮನಸ್ಸು ಕರಗಿದ ಪುಸ್ತಕವನ್ನು ಮಕ್ಕಳು ಎಂದಾದರೂ ತೆರೆದೇ ತೆರೆಯುತ್ತಾರೆ.

ಹಿಂದಿರುಗಿ ಬರದ ಪುಸ್ತಕದ ಬಗ್ಗೆ ಚಿಂತೆ ಬೇಡ. ಅದು ಈಗ ಯಾರ ಕೈಯಲ್ಲಿದೆಯೋ!

ಕುಟುಂಬದಲ್ಲಿ ಚಿಂತಿಸಲು:

1. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಮರೆಯಲಾಗದ ಪುಸ್ತಕ ಯಾವುದು? ಏಕೆ?

2. ಜಪಸರದ ನಂತರ ಹತ್ತು ನಿಮಿಷ ಒಬ್ಬರು ಓದಿ ಉಳಿದವರು ಕೇಳಲು ಸಾಧ್ಯವೇ?

3. ಈ ವಾರ ಯಾವ ಪುಸ್ತಕವನ್ನು, ಯಾರ ಕೈಗೆ ಕೊಡೋಣ?