ಸಾದಾ ಪೆಟ್ರೋಲ್ ಗಾಡಿಗೆ ಟರ್ಬೋ: ವಿಜಯಪುರದ ಬಿಸಿಲಿಗೆ ತಕ್ಕ ಸೂತ್ರಗಳು

1. ಯಾಕೆ ಬೇಕು, ಮೊದಲು ಗಟ್ಟಿ ಮಾಡಿಕೊಳ್ಳಿ. ಹಂಗಾಮಿನಲ್ಲಿ ಬಬಲೇಶ್ವರ ರಸ್ತೆಯಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ದಾಟಲು ಬೇಕಾದದ್ದು 2,500 ಆರ್‌ಪಿಎಂ ಸುತ್ತಲಿನ ಪಿಕ್‌ಅಪ್. ಅದಕ್ಕೆ ಸಣ್ಣ ಟರ್ಬೋನೇ ಸರಿ. ದೊಡ್ಡದು ವೇಗ ಹಿಡಿಯುವಷ್ಟರಲ್ಲಿ ಎದುರಿನ ಬಸ್ಸು ಬಂದಿರುತ್ತದೆ.

2. ಟಾಟಾದ 1.2 ಲೀಟರ್ ರೆವೊಟ್ರಾನ್ ಟಿಯಾಗೊದಲ್ಲಿ ಸುಮಾರು 86 ಪಿಎಸ್. ನೆಕ್ಸಾನ್‌ನಲ್ಲಿ ಟರ್ಬೋ ಸೇರಿ 120. ಆದರೆ ಅಲ್ಲಿ ಎಂಜಿನ್ನಿನ ಒಳಭಾಗ, ಕೂಲಿಂಗ್, ಇಸಿಯು ಎಲ್ಲ ಅದಕ್ಕೆಂದೇ ಹೊಂದಿಸಿದ್ದು. ಕಂಪ್ರೆಷನ್ 10ಕ್ಕಿಂತ ಮೇಲಿರುವ ನಿಮ್ಮ ಎಂಜಿನ್‌ಗೆ 0.3–0.4 ಬಾರ್ ಬೂಸ್ಟ್ (ಟರ್ಬೋ ಒತ್ತುವ ಹೆಚ್ಚುವರಿ ಗಾಳಿ) ಸಾಕು. ಕಂಪ್ರೆಷನ್ ಟೆಸ್ಟ್‌ನಲ್ಲಿ ಒಂದು ಸಿಲಿಂಡರ್ ಸೊರಗಿದ್ದರೂ ಟರ್ಬೋದ ದುಡ್ಡು ರಿಪೇರಿಗೆ ಹಾಕಿ.

3. ಗುಜರಿಯ ಡೀಸೆಲ್ ಟರ್ಬೋ ಅಗ್ಗ ಎಂದು ಮಿಸ್ತ್ರಿ ಆಸೆ ಹಚ್ಚಬಹುದು. ಪೆಟ್ರೋಲ್ ಎಂಜಿನ್ನಿನ ಹೊಗೆ ಬೂಸ್ಟ್‌ನಲ್ಲಿ 950 ಡಿಗ್ರಿ ದಾಟಬಹುದು, ಡೀಸೆಲ್‌ನದು ಅಷ್ಟು ಸುಡುವುದಿಲ್ಲ. ಡೀಸೆಲ್ ಟರ್ಬೋದ ವಿಜಿಟಿಯ, ಅಂದರೆ ತಿರುಗಿ ಹೊಗೆಯ ದಾರಿ ಹೊಂದಿಸುವ, ಸಣ್ಣ ರೆಕ್ಕೆಗಳಂತೂ ಆ ಕಾವಿಗೆ ನಿಲ್ಲುವುದಿಲ್ಲ.

4. ನಮ್ಮ ಬೇಸಿಗೆಯೇ ನಿಜವಾದ ಪರೀಕ್ಷೆ. 40 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ ಟರ್ಬೋದಿಂದ ಹೊರಬೀಳುವಾಗ ಅದು 90–100 ಡಿಗ್ರಿ ಮುಟ್ಟುತ್ತದೆ. ಹಾಗೇ ಸಿಲಿಂಡರ್‌ಗೆ ಹೋದರೆ ಪ್ಲಗ್ಗಿನ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ; ಆ ನಾಕಿಂಗ್ ಪಿಸ್ಟನ್ ತಿಂದುಹಾಕುತ್ತದೆ. ಹಾಗಾಗಿ ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಬಿಟ್ಟು ದುಡ್ಡು ಉಳಿಸಬೇಡಿ. ಅದನ್ನು ಮುಂದೆ ಕೂಡಿಸಿದರೆ ರೇಡಿಯೇಟರ್‌ಗೆ ಗಾಳಿ ಕಡಿಮೆ, ಫ್ಯಾನನ್ನೂ ನೋಡಿಕೊಳ್ಳಿ. ಡಿಸೆಂಬರ್ ಮುಂಜಾನೆ ಓಡಿಸಿ ಖುಷಿಪಟ್ಟರೆ ಏನೂ ತಿಳಿಯದು. ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿ ಟ್ರ್ಯಾಕ್‌ನಲ್ಲಿ ಓಡಿಸಿದಾಗ ಟೆಂಪರೇಚರ್ ಸೂಜಿ ಅಲ್ಲೇ ನಿಂತಿರಬೇಕು.

5. ಗಾಳಿ ಹೆಚ್ಚಾದಷ್ಟು ಪೆಟ್ರೋಲೂ ಹೆಚ್ಚಬೇಕು. ಬೂಸ್ಟ್‌ನಲ್ಲಿ ಒಂದು ಭಾಗ ಪೆಟ್ರೋಲ್‌ಗೆ 11.5–12 ಭಾಗ ಗಾಳಿ ಎಂಬುದು ಸುರಕ್ಷಿತ ಲೆಕ್ಕ. ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಅದು ಕಾಣದು. ಇ20 ಪೆಟ್ರೋಲ್‌ನ ಆಕ್ಟೇನ್ 95 ಇರುವುದು ಲಾಭ, ಆದರೆ ಎಥೆನಾಲ್‌ನಿಂದಾಗಿ ಈ ಲೆಕ್ಕ ಇನ್ನಷ್ಟು ಕೆಳಗಿಳಿಯುತ್ತದೆ, ಇಂಜೆಕ್ಟರ್ ಇನ್ನೂ ಹೆಚ್ಚು ಸುರಿಯಬೇಕು. ಇಸಿಯು ಟ್ಯೂನಿಂಗ್ ಬಲ್ಲವರು ಊರಲ್ಲಿ ಸಿಗದಿದ್ದರೆ ಬೆಂಗಳೂರಿಗೇ ಹೋಗಿ. ಬೇರೆ ಗಾಡಿಯ ಫೈಲ್ ತುಂಬಿಸಿಕೊಳ್ಳಬೇಡಿ.

6. ಟರ್ಬೋ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ವಾಪಸಾಗುವ ಪೈಪ್ ದಪ್ಪಗಿರಲಿ, ಇಳಿಜಾರಿರಲಿ, ಸಂಪ್‌ನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಜೋರಾಗಿ ಓಡಿಸಿದ ಮೇಲೆ ಒಂದು ನಿಮಿಷ ಬಿಟ್ಟು ಎಂಜಿನ್ ಬಂದ್ ಮಾಡಿ.

7. ಎರಿ ಹೊಲದ ಧೂಳಿಗೆ ಕಂಪನಿಯ ಪೇಪರ್ ಫಿಲ್ಟರೇ ಲೇಸು. ತೆರೆದ ಕೋನ್ ಫಿಲ್ಟರ್ ಸದ್ದಿಗೆ ಮಾತ್ರ ಚೆಂದ.

8. ಕ್ಲಚ್ ಜಾರಿದರೆ ಬದಲಿಸಿ, ಬ್ರೇಕ್ ಅದಕ್ಕೂ ಮೊದಲು.

9. ಕಾಯ್ದೆ ನಿಮ್ಮ ಕಡೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 182ಎ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆದಾರು. ಆದ್ದರಿಂದ ಟ್ರ್ಯಾಕ್‌ನಲ್ಲಷ್ಟೇ ಓಡಿಸುವ ಗಾಡಿಗೆ ಇದನ್ನು ಮಾಡಿ. ಕಬ್ಬಿನ ಟ್ರ್ಯಾಕ್ಟರ್ ದಾಟುತ್ತ ದಿನಾಲೂ ಕೆಎ-28 (ವಿಜಯಪುರ) ನಂಬರಿನ ಗಾಡಿಯಲ್ಲೇ ತಿರುಗುವವರು ಕಂಪನಿಯಿಂದಲೇ ಟರ್ಬೋ ಬಂದ ಸೆಕೆಂಡ್ ಹ್ಯಾಂಡ್ ಕಾರು ನೋಡಿ. ಕೊಳ್ಳುವ ಮೊದಲು ಟರ್ಬೋ ಪೈಪಿನೊಳಗೆ ಬೆರಳಾಡಿಸಿ, ಆಯಿಲ್ ಎಷ್ಟು ಅಂಟುತ್ತದೆ ನೋಡಿ ರೇಟು ಮಾತಾಡಿ.