ಪಟ್ಟದಕಲ್ಲಿನ ಮಾಳಿಗೆಯ ಮೇಲೆ ಕೃತಕ ಹುಲ್ಲುಹಾಸು: ಅಳತೆ, ಅನುಮತಿ ಮತ್ತು ನಾಗರಿಕರ ಹಕ್ಕು

ಪ್ಲಾಸ್ಟಿಕ್ ಎಳೆಗಳನ್ನು ದಪ್ಪ ಹಾಳೆಯೊಂದಕ್ಕೆ ಒತ್ತೊತ್ತಾಗಿ ಪೋಣಿಸಿ ಸುರುಳಿ ಸುತ್ತಿ ಮಾರುವ ಕೃತಕ ಹುಲ್ಲುಹಾಸನ್ನು ಮನೆಯ ಮಾಳಿಗೆಯ ಮೇಲೆ ಹಾಸಿಕೊಳ್ಳುವುದು ಬಹುತೇಕ ಊರುಗಳಲ್ಲಿ ಮನೆಯೊಡೆಯನ ಇಷ್ಟಕ್ಕೆ ಬಿಟ್ಟ ಸಂಗತಿಯಾಗಿದ್ದರೂ, 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಅದೇ ಕೆಲಸ ಸಂಸತ್ತಿನ ಅಧಿನಿಯಮವೊಂದರ ವ್ಯಾಪ್ತಿಗೆ ಬರುವ ಸಾಧ್ಯತೆಯಿದೆ. ಮಲಪ್ರಭೆಯ ಎಡದಂಡೆಯ ಈ ಊರಿನಲ್ಲಿ ವಾಸದ ಮನೆಗಳೂ ಚಾಲುಕ್ಯರ ದೇವಾಲಯಗಳೂ ಒಂದಕ್ಕೊಂದು ಒತ್ತಿಕೊಂಡಿವೆ. ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡಲು ಬಯಸುವವರಿಗೆ ಮಾಳಿಗೆಯ ಮೇಲೆ ಕುಳಿತು ಶಿಖರಗಳನ್ನು ನೋಡುವ ತಾಣವನ್ನು ಸಿದ್ಧಪಡಿಸುವ ಆಸೆ ಹುಟ್ಟುವುದು ಸಹಜವಾದುದರಿಂದ, ಹುಲ್ಲುಹಾಸಿಗೆ ಮುಂಗಡ ಕೊಡುವ ಮೊದಲೇ ಕಾನೂನು ಏನನ್ನು ತಡೆಯುತ್ತದೆ ಮತ್ತು ಏನನ್ನು ತಡೆಯುವುದಿಲ್ಲ ಎಂಬುದನ್ನು ತಿಳಿದಿರುವುದು ಅವಶ್ಯ.

ಇಲ್ಲಿ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ನಿವೇಶನಗಳು ಹಾಗೂ ಅವಶೇಷಗಳ ಅಧಿನಿಯಮ, ವಿಶೇಷವಾಗಿ 2010ರ ತಿದ್ದುಪಡಿಯಿಂದ ಅದಕ್ಕೆ ಸೇರಿದ ಕಲಂಗಳು. ಕಲಂ 20ಎ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ಎಲ್ಲ ದಿಕ್ಕುಗಳಲ್ಲಿಯೂ 100 ಮೀಟರ್ ವರೆಗಿನ ಜಾಗ ‘ನಿಷೇಧಿತ ಪ್ರದೇಶ’; ಕಲಂ 20ಬಿ ಪ್ರಕಾರ ಅಲ್ಲಿಂದ ಮುಂದಿನ 200 ಮೀಟರ್ ‘ನಿಯಂತ್ರಿತ ಪ್ರದೇಶ’. ಮೊದಲನೆಯದರಲ್ಲಿ ಹೊಸ ನಿರ್ಮಾಣಕ್ಕೆ ಅನುಮತಿಯೇ ಇಲ್ಲ, ಎರಡನೆಯದರಲ್ಲಿ ಪೂರ್ವಾನುಮತಿಯಿದ್ದರೆ ನಿರ್ಮಾಣ ಸಾಧ್ಯ. ಹಿಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಮಟ್ಟದಲ್ಲಿ ನಿಷೇಧಿತ ಪ್ರದೇಶದೊಳಗೂ ಅನುಮತಿ ನೀಡುವ ರೂಢಿಯಿದ್ದು, 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಅಸಿಂಧುವೆಂದು ಹೇಳಿದ ಬಳಿಕವೇ 2010ರ ತಿದ್ದುಪಡಿ ಬಂದಿತು. ಆದ್ದರಿಂದ ಹಿಂದೊಮ್ಮೆ ನೆರೆಮನೆಯವರಿಗೆ ಅನುಮತಿ ಸಿಕ್ಕಿತ್ತೆಂಬ ವಾದಕ್ಕೆ ಇಂದು ಬಲವಿಲ್ಲ.

ಜನರು ಸಾಮಾನ್ಯವಾಗಿ ತಪ್ಪು ತಿಳಿಯುವುದು ಅಳತೆಯ ವಿಷಯದಲ್ಲಿ. ನೂರು ಮೀಟರ್ ಎಂಬುದನ್ನು ವಿರೂಪಾಕ್ಷ ದೇವಾಲಯದ ಗೋಡೆಯಿಂದ ಹೆಜ್ಜೆ ಹಾಕಿ ಎಣಿಸುವಂತಿಲ್ಲ. ಅಧಿಸೂಚನೆಯಲ್ಲಿ ಗುರುತಿಸಿದ ಸಂರಕ್ಷಿತ ಎಲ್ಲೆಯಿಂದ ಅದನ್ನು ಎಣಿಸಬೇಕು. ಇದಲ್ಲದೆ ಪಟ್ಟದಕಲ್ಲಿನ ಸ್ಮಾರಕಗಳೆಲ್ಲವೂ ಒಂದೇ ಆವರಣದಲ್ಲಿಲ್ಲ: ಪಾಪನಾಥ ದೇವಾಲಯ ಮುಖ್ಯ ಸಮುಚ್ಚಯದ ದಕ್ಷಿಣಕ್ಕೂ, ರಾಷ್ಟ್ರಕೂಟರ ಕಾಲದ ಜೈನ ಬಸದಿ ಬಾದಾಮಿಯ ದಾರಿಯಲ್ಲಿ ಪಶ್ಚಿಮಕ್ಕೂ ಬೇರೆಯಾಗಿ ನಿಂತಿವೆ. ಹೀಗಾಗಿ ಸಂಗಮೇಶ್ವರ, ಮಲ್ಲಿಕಾರ್ಜುನ ಗುಡಿಗಳಿಂದ ಸಾಕಷ್ಟು ದೂರವಿರುವ ಮನೆಯೂ ಮತ್ತೊಂದು ಸ್ಮಾರಕದ ವಲಯದೊಳಗೆ ಬೀಳಬಹುದು. ತನ್ನ ಸರ್ವೆ ನಂಬರು ಅಥವಾ ಗ್ರಾಮಠಾಣಾ ಆಸ್ತಿ ಯಾವ ವಲಯದಲ್ಲಿದೆ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ಬಾಗಲಕೋಟೆ ಜಿಲ್ಲೆಯ ಕೇಂದ್ರ ಸಂರಕ್ಷಿತ ಸ್ಮಾರಕಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ಕಚೇರಿಗೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ, ಅಧಿಸೂಚನೆಯ ಪ್ರತಿಯನ್ನೂ ಎಲ್ಲೆಯ ನಕ್ಷೆಯನ್ನೂ ಕೇಳಬಹುದು; 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿಗೆ ಅವಕಾಶವಿದೆ.

ವಲಯ ಗೊತ್ತಾದ ಮೇಲೆ ಏಳುವ ಪ್ರಶ್ನೆ ಹುಲ್ಲಿನದಲ್ಲ, ಹುಲ್ಲಿನ ಕೆಳಗೆ ಮತ್ತು ಸುತ್ತ ಏನನ್ನು ಕಟ್ಟಲಾಗುತ್ತದೆ ಎಂಬುದರದು. ಅಧಿನಿಯಮವು ‘ನಿರ್ಮಾಣ’ ಎಂಬುದಕ್ಕೆ ಕಟ್ಟಡವನ್ನು ಎಬ್ಬಿಸುವುದು, ಅದಕ್ಕೆ ಮೇಲ್ಮುಖವಾಗಿಯೋ ಅಡ್ಡಲಾಗಿಯೋ ಸೇರ್ಪಡೆ ಮಾಡುವುದು ಎಂಬ ಅರ್ಥ ಕೊಟ್ಟು, ‘ದುರಸ್ತಿ ಮತ್ತು ನವೀಕರಣ’ ಎಂಬುದನ್ನು ಇರುವ ಕಟ್ಟಡದಲ್ಲಿ ಮಾಡುವ ಮಾರ್ಪಾಡುಗಳೆಂದು ಪ್ರತ್ಯೇಕಿಸಿದೆ. ಈ ವ್ಯಾಖ್ಯೆಗಳನ್ನು ನೇರವಾಗಿ ಓದಿದರೆ, ಗಚ್ಚಿನ ಮೇಲೆ ಅಂಟಿಸದೆ ಬಿಡಿಯಾಗಿ ಹಾಸಿ, ಬೇಡವಾದಾಗ ಸುತ್ತಿ ಎತ್ತಿಡಬಹುದಾದ ಹುಲ್ಲುಹಾಸು ನಿರ್ಮಾಣವೂ ಅಲ್ಲ, ಕಟ್ಟಡದ ಮಾರ್ಪಾಡೂ ಅಲ್ಲ ಎಂದು ವಾದಿಸಲು ಬಲವಾದ ಆಧಾರವಿದೆ. ಆದರೆ ನೀರಿಳಿಯಲು ಹೊಸ ಇಳಿಜಾರು ಮಾಡಿ ಗಚ್ಚನ್ನು ಕೆತ್ತಿದರೆ ಅಥವಾ ಹಳೆಯ ಮೇಲ್ಮುದ್ದೆಯ ಮಣ್ಣನ್ನು, ಅಂದರೆ ಈ ಭಾಗದ ಮಾಳಿಗೆಗಳ ಮೇಲೆ ಬಡಿದು ಕೂರಿಸುವ ಮಣ್ಣಿನ ಪದರವನ್ನು, ತೆಗೆದು ಕಾಂಕ್ರೀಟು ಹಾಕಿದರೆ ಅದು ಮಾರ್ಪಾಡಾಗುತ್ತದೆ. ಮರದ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ನೆಲವನ್ನು ಎತ್ತರಿಸಿ ಡೆಕ್ ಕಟ್ಟುವುದು, ಕಟಾಂಜನವನ್ನು ಏರಿಸುವುದು, ನೆರಳಿಗೆ ತಗಡಿನ ಚಾವಣಿ ನಿಲ್ಲಿಸುವುದು ಇವೆಲ್ಲ ಮೇಲ್ಮುಖ ಸೇರ್ಪಡೆಯೆಂಬ ಆಕ್ಷೇಪಕ್ಕೆ ಒಳಗಾಗುತ್ತವೆ. ನಿಷೇಧಿತ ಪ್ರದೇಶದಲ್ಲಿ ಇವುಗಳಿಗೆ ಕೈಹಾಕದಿರುವುದೇ ಸರಿ. ಮಾರಾಟಗಾರರು ಹುಲ್ಲು, ಚೌಕಟ್ಟು, ಚಾವಣಿ ಮೂರನ್ನೂ ಒಂದೇ ದರಪಟ್ಟಿಯಲ್ಲಿ ಸೇರಿಸುವುದುಂಟು. ಗ್ರಾಹಕನು ಅವುಗಳನ್ನು ಬೇರೆ ಬೇರೆಯಾಗಿ ಬರೆಸಿಕೊಂಡರೆ ಕಾನೂನಿನ ದೃಷ್ಟಿಯಿಂದಲೂ ಅನುಕೂಲ. ಬಿಡಿ ಹಾಸಿನ ವಿಷಯದಲ್ಲಿಯೂ ಸ್ಥಳೀಯ ಅಧಿಕಾರಿಯ ಬಾಯಿಮಾತನ್ನು ನೆಚ್ಚದೆ, ಕೆಲಸದ ವಿವರ ಮತ್ತು ಛಾಯಾಚಿತ್ರಗಳೊಂದಿಗೆ ಪತ್ರ ಬರೆದು ಸ್ವೀಕೃತಿ ಪಡೆಯುವುದು ಮುಂದಿನ ವಿವಾದದಲ್ಲಿ ನೆರವಾಗುತ್ತದೆ.

ಮಾರ್ಪಾಡು ಮಾಡಲೇಬೇಕಾದರೆ ಕಲಂ 20ಸಿ ದಾರಿ ತೋರಿಸುತ್ತದೆ. ನಿಷೇಧಿತ ಪ್ರದೇಶದೊಳಗೆ, ವಲಯಗಳನ್ನು ಮೊದಲ ಬಾರಿಗೆ ಅಧಿಸೂಚಿಸಿದ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಅಥವಾ ನಂತರ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ ಮನೆಯ ಮಾಲೀಕನು ಮಾತ್ರ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಹಾಕಬಲ್ಲನು. ಆ ದಿನಾಂಕವನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರನ ಮೇಲೆಯೇ ಬೀಳುವುದರಿಂದ, ಪಂಚಾಯಿತಿಯ ಹಳೆಯ ಮನೆಕಂದಾಯದ ರಸೀದಿ, ಆಸ್ತಿ ವಹಿಯ ದೃಢೀಕೃತ ಪ್ರತಿ, ನೋಂದಾಯಿತ ಖರೀದಿ ಅಥವಾ ಪಾಲುಪತ್ರ, ಹಳೆಯ ವಿದ್ಯುತ್ ಬಿಲ್ಲು ಇವುಗಳನ್ನು ಕಾಪಾಡಿಕೊಳ್ಳಬೇಕು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ನೆರೆ ಕಂಡ ಈ ಸೀಮೆಯಲ್ಲಿ ಕಾಗದಗಳ ದೃಢೀಕೃತ ನಕಲುಗಳನ್ನು ಈಗಲೇ ತೆಗೆಸಿಡುವುದು ಅತಿ ಅಗತ್ಯ. ನಿಯಂತ್ರಿತ ಪ್ರದೇಶದಲ್ಲಿ ಮನೆ ಅಥವಾ ಜಾಗದ ಮಾಲೀಕನು ನಿರ್ಮಾಣ, ಪುನರ್ನಿರ್ಮಾಣ, ದುರಸ್ತಿ ಎಲ್ಲಕ್ಕೂ ಅರ್ಜಿ ಸಲ್ಲಿಸಬಹುದು.

ಅರ್ಜಿ ಹೋಗುವುದು ‘ಸಕ್ಷಮ ಪ್ರಾಧಿಕಾರಿ’ಗೆ, ಅಂದರೆ ಪುರಾತತ್ತ್ವ ಇಲಾಖೆಯ ನಿರ್ದೇಶಕ ಅಥವಾ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ, ಸರ್ಕಾರ ಗೊತ್ತುಪಡಿಸಿದ ಅಧಿಕಾರಿಗೆ. ಅವರು 15 ದಿನಗಳೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು ಸ್ಮಾರಕದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರಿ ಆ ಶಿಫಾರಸಿನಂತೆ ಅನುಮತಿ ನೀಡಬೇಕು ಅಥವಾ ನಿರಾಕರಿಸಬೇಕು. ನಿರಾಕರಣೆಯಾದರೆ ಅರ್ಜಿದಾರನ ಅಹವಾಲು ಕೇಳಿ, ಅರ್ಜಿ ತಲುಪಿದ ಮೂರು ತಿಂಗಳೊಳಗೆ ಲಿಖಿತ ಆದೇಶದ ಮೂಲಕ ತಿಳಿಸಬೇಕೆಂದು ಕಲಂ 20ಡಿ ಹೇಳುತ್ತದೆ. ಮೇಲಿನ ಮೂರು ಹಂತಗಳ ಗಡುವುಗಳನ್ನು ಕೂಡಿದರೆ ಮೂರು ತಿಂಗಳನ್ನು ಮೀರುತ್ತದೆ ಎಂಬುದು ಕಾನೂನು ರಚನೆಯಲ್ಲಿ ಉಳಿದಿರುವ ತೊಡಕು. ಅದರ ತೊಂದರೆಯನ್ನು ಮನೆಯವರು ಹೊರಬೇಕಾಗಿ ಬರುವುದು ನ್ಯಾಯವಲ್ಲ. ಹಾಗೆಂದು ಗಡುವು ಮುಗಿದರೂ ಉತ್ತರ ಬರಲಿಲ್ಲವೆಂಬ ಕಾರಣಕ್ಕೆ ಕೆಲಸ ಆರಂಭಿಸಬಾರದು, ಏಕೆಂದರೆ ಈ ಅಧಿನಿಯಮದಲ್ಲಿ ಮೌನವನ್ನು ಸಮ್ಮತಿಯೆಂದು ಎಣಿಸಲು ಅವಕಾಶವಿಲ್ಲ. ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ ಇದಕ್ಕೆ ಬದಲಿಯಲ್ಲ, ಅದು ಬೇಕಾದಲ್ಲಿ ಎರಡೂ ಬೇಕು. 2010ರ ಬಳಿಕ ನಿಷೇಧಿತ ಪ್ರದೇಶದಲ್ಲಿ ನಿರ್ಮಾಣ ಮಾಡಿದವರಿಗೆ ಕಲಂ 30ಎ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದವರಿಗೆ ಕಲಂ 30ಬಿ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತವೆ. ಕಾರಣ ಕೇಳುವ ನೋಟಿಸು ಬಂದರೆ ಅದನ್ನು ಬದಿಗಿಡದೆ, ಕೊಟ್ಟ ಅವಧಿಯೊಳಗೆ ದಾಖಲೆಗಳೊಂದಿಗೆ ಲಿಖಿತ ಉತ್ತರ ನೀಡಬೇಕು.

ಬಾದಾಮಿಯ ಗುಹಾಲಯಗಳ ಸುತ್ತ, ಹುನಗುಂದ ತಾಲ್ಲೂಕಿನ ಐಹೊಳೆಯ ಗುಡಿಗಳ ನಡುವೆ ಬಾಳುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಇಳಕಲ್ಲು ಅಥವಾ ಬಾಗಲಕೋಟೆಯ ನವನಗರದಲ್ಲಿ ಸಂರಕ್ಷಿತ ಎಲ್ಲೆಯಿಂದ 300 ಮೀಟರಿನಾಚೆ ಇರುವ ಮನೆಗಳಿಗೆ ಈ ಅಧಿನಿಯಮದ ತೊಡಕಿಲ್ಲವಾದರೂ, ಬಾಡಿಗೆದಾರನು ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ರಚನೆಯನ್ನು ಎಬ್ಬಿಸುವಂತಿಲ್ಲ ಎಂಬ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ನಿಯಮ ಎಲ್ಲೆಡೆಯೂ ಇದೆ.

ಅನುಮತಿಯ ಮಾತು ಹಾಗಿರಲಿ, ಕೊಂಡ ಹಾಸೇ ಕಳಪೆಯಾಗಿದ್ದರೆ ಬಿಲ್ಲು ಮತ್ತು ವಾರಂಟಿ ಪತ್ರದೊಂದಿಗೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ವಾಣಿಜ್ಯ ಉದ್ದೇಶದ ಖರೀದಿದಾರರನ್ನು ಹೊರಗಿಟ್ಟಿದೆಯಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಮನೆಯ ಕೋಣೆ ಬಾಡಿಗೆಗೆ ಕೊಡುವವರು ಗ್ರಾಹಕರ ವ್ಯಾಖ್ಯೆಯೊಳಗೆ ಬರುತ್ತೇವೆಂದು ವಾದಿಸಬಹುದು.

ಮತ್ತೆ ಅನುಮತಿಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಅಂತಿಮವೆಂದು ಅಧಿನಿಯಮ ಹೇಳಿದರೂ, ಅಹವಾಲು ಕೇಳದೆ ಅಥವಾ ಕಾರಣ ಕೊಡದೆ ಮಾಡಿದ ಆದೇಶವನ್ನು ಸಂವಿಧಾನದ 226ನೆಯ ಅನುಚ್ಛೇದದಡಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದಲ್ಲಿ ಪ್ರಶ್ನಿಸುವ ದಾರಿ ತೆರೆದೇ ಇದೆ. ವಕೀಲರ ಶುಲ್ಕ ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಕಲಂ 12 ಉಚಿತ ನೆರವನ್ನು ಒದಗಿಸುತ್ತದೆ: ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಮಾತ್ರವಲ್ಲದೆ ಪ್ರವಾಹ ಸಂತ್ರಸ್ತರನ್ನೂ ಆ ಕಲಂ ಹೆಸರಿಸಿರುವುದರಿಂದ, ಹೊಳೆಯ ನೀರು ಮನೆಗೆ ನುಗ್ಗಿದ ಕುಟುಂಬಗಳು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ 15100 ಸಹಾಯವಾಣಿಯ ಮೂಲಕ ಈ ನೆರವನ್ನು ಕೇಳಿ ಪಡೆಯಬಹುದು.